ಬಿಳಿಚುಕ್ಕಿ ರೋಗವನ್ನು ಬೇಗ ಗುರುತಿಸಲು ಕಲಿತ ಕಥೆ



ಕುಂದಾಪುರ, ಬೈಂದೂರು, ಬ್ರಹ್ಮಾವರದ ಹೊಳೆಬದಿಯ ಮನೆಗಳಲ್ಲಿ ಚಟ್ಲಿ ಎಂದರೆ ಊಟದ ಮಾತು. ಅದೇ ಸಿಗಡಿಯನ್ನು ಉಪ್ಪುನೀರಿನ ಕೊಳದಲ್ಲಿ ಸಾಕಲು ಹೊರಟ ಕರಾವಳಿಯ ರೈತರಿಗೆ 1990ರ ದಶಕದ ನಡುವೆ ದೊಡ್ಡ ಪೆಟ್ಟು ಬಿತ್ತು. ಪೂರ್ವ ಏಷ್ಯದಲ್ಲಿ 1992ರ ಹೊತ್ತಿಗೆ ಕಾಣಿಸಿದ ಬಿಳಿಚುಕ್ಕಿ ರೋಗ 1994ರಲ್ಲಿ ಭಾರತಕ್ಕೂ ಬಂತು. ಸಿಗಡಿ ಮೇವು ಬಿಡುತ್ತದೆ, ದಂಡೆಗೆ ಬಂದು ನಿಲ್ಲುತ್ತದೆ, ತಲೆಯ ಚಿಪ್ಪಿನ ಒಳಮೈಯಲ್ಲಿ ಬಿಳಿ ಚುಕ್ಕೆ ಮೂಡುತ್ತದೆ. ಮೂರರಿಂದ ಹತ್ತು ದಿನಗಳಲ್ಲಿ ಕೊಳವೇ ಬರಿದಾಗಬಹುದು.

ಚುಕ್ಕೆ ಕಂಡರೆ ಸಾಕಲ್ಲ, ಪ್ರಯೋಗಶಾಲೆ ಯಾಕೆ ಅಂತ ನೀವು ಕೇಳಬಹುದು. ನೋಡಿ, ಬ್ಯಾಕ್ಟೀರಿಯಾದಿಂದಲೂ ಬಿಳಿ ಕಲೆ ಬರುವುದುಂಟು. ವೈರಾಣು ಹೊಕ್ಕಿದ್ದರೂ ಚುಕ್ಕೆ ಕಾಣದಿರುವುದೂ ಉಂಟು. ಕಣ್ಣನ್ನು ನಂಬುವಂತಿಲ್ಲ.

1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಈ ರೋಗದ ಬೆನ್ನು ಹತ್ತಿತು. ಮೊದಲಿನ ಕ್ರಮವೆಂದರೆ ಸಿಗಡಿಯ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದಕ್ಕೆ ದಿನಗಳು ಬೇಕು. ಉತ್ತರ ಬರುವಷ್ಟರಲ್ಲಿ ಕೊಳದಲ್ಲಿ ನೀರು ಮಾತ್ರ!

ಆಮೇಲೆ ಪಿ.ಸಿ.ಆರ್. ಬಂತು. ವೈರಾಣುವಿನ ಡಿ.ಎನ್.ಎ.ಯ ಒಂದು ತುಂಡನ್ನು ಕೆಲವೇ ಗಂಟೆಗಳಲ್ಲಿ ಲಕ್ಷಗಟ್ಟಲೆ ಪ್ರತಿ ಮಾಡಿ ತೋರಿಸುವ ವಿಧಾನವಿದು. ಬೀಜದ ಭತ್ತವನ್ನು ಪರೀಕ್ಷಿಸದೆ ನೀವು ಬಿತ್ತುತ್ತೀರಾ? ಹಾಗೆಯೇ ಮರಿಗಳನ್ನು ಕೊಳಕ್ಕೆ ಬಿಡುವ ಮೊದಲೇ ಪರೀಕ್ಷಿಸಲು ಸಾಧ್ಯವಾಯಿತು. ಇಡ್ಯಾ ಕರುಣಾಸಾಗರ, ಇಂದ್ರಾಣಿ ಕರುಣಾಸಾಗರ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಸಾಕಿದ ಸಿಗಡಿಯಲ್ಲಷ್ಟೇ ಅಲ್ಲ, ಅದರ ಜಾತಿಗೆ ಸೇರಿದ ಕಾಡು ಜೀವಿಗಳಲ್ಲೂ ಈ ವೈರಾಣು ಸಿಕ್ಕಿತ್ತು. ಹೊಳೆಯ ಏಡಿ ತಾನು ಸಾಯದೆ ರೋಗ ಹೊರಬಲ್ಲದು. ಕೊಳದ ಸುತ್ತ ಏಡಿಗೆ ಬಲೆ ಕಟ್ಟಿ ಅಂತ ನಾವು ಗೋಗರೆಯುವುದು ಇದಕ್ಕೇ.

ಪಿ.ಸಿ.ಆರ್. ಯಂತ್ರವನ್ನು ಕೊಳದ ದಂಡೆಗೆ ಹೊತ್ತು ತರುವುದು ಸುಲಭವಲ್ಲ. ಅದೇ ಕಾಲೇಜಿನ ಕೆ. ಎಂ. ಶಂಕರ್ ಮತ್ತು ಸಂಗಡಿಗರು ಇಲಿಯ ಜೀವಕೋಶಗಳಿಂದ ಈ ವೈರಾಣುವನ್ನೇ ಹಿಡಿಯುವ ಪ್ರತಿಕಾಯ ತಯಾರಿಸಿ 2002ರಲ್ಲಿ ಪ್ರಕಟಿಸಿದರು. ಸಿಗಡಿಯ ರಸದ ಚುಕ್ಕೆ ಇಟ್ಟರೆ, ರೋಗವಿದ್ದಲ್ಲಿ ಬಣ್ಣ ಏಳುತ್ತದೆ. ಸಾಕಣೆಯಲ್ಲಿ ಇದನ್ನು ಬಳಸಿ ನೋಡಿದ ವರದಿ 2008ರಲ್ಲಿ ಬಂತು. ಮುಂದೆ ಸುಮಾರು ಹತ್ತು ನಿಮಿಷದಲ್ಲೇ ಉತ್ತರ ಕೊಡುವ ಪರೀಕ್ಷೆಯೂ ಸಿದ್ಧವಾಯಿತು.

ಔಷಧವೋ? ಇಲ್ಲ. ಈ ರೋಗಕ್ಕೆ ಮದ್ದಿಲ್ಲ. ಬೇಗ ತಿಳಿದರೆ ಸಿಗುವುದು ಸಮಯ. ಸಿಗಡಿ ಮಾರುವಷ್ಟು ಬೆಳೆದಿದ್ದರೆ ಕೂಡಲೇ ಹಿಡಿಯಬಹುದು. ಚಿಕ್ಕದಿದ್ದರೆ ತೂಬು ಮುಚ್ಚಿ, ನೀರಿಗೆ ಬ್ಲೀಚಿಂಗ್ ಪುಡಿ ಹಾಕಬೇಕು. ರಾತ್ರಿ ಗುಟ್ಟಾಗಿ ತೂಬು ಎತ್ತಿದವರನ್ನು ನಾನು ಕಂಡಿದ್ದೇನೆ. ಸಾಲ ಹೊತ್ತವರನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೆ ಇಳಿತದಲ್ಲಿ ನೀವು ಬಿಟ್ಟ ನೀರನ್ನೇ ಭರತದಲ್ಲಿ ನೆರೆಯವರು ತಮ್ಮ ಕೊಳಕ್ಕೆ ಹತ್ತಿಸಿಕೊಳ್ಳುತ್ತಾರಲ್ಲ!

ಪರೀಕ್ಷೆಗೆ ಒಯ್ಯುವಾಗ ಸತ್ತು ಕೊಳೆತದ್ದು ಬೇಡ. ಸೊರಗಿ ದಂಡೆಗೆ ಬಂದ ಸಿಗಡಿಯನ್ನೇ ಆರಿಸಿ. ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ತಲುಪಿಸಿ. ಕೊಳದ ಗುರುತು, ಮರಿ ಬಿಟ್ಟ ತಾರೀಕು ಚೀಟಿಯಲ್ಲಿ ಬರೆದಿಡಿ.