ಗೋಣುನೋವಿನ ದಾರಿ: ನಿಪ್ಪಾಣಿಯಿಂದ ಮಿರಜಕ್ಕೆ

ಬೆಳಗಾವಿ ಗಡಿಸೀಮೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ: ಈ ಐದೂ ತಾಲೂಕುಗಳ ದುಡಿಮೆ ಬಗ್ಗಿದ ಕತ್ತಿನ ದುಡಿಮೆ. ನಿಪ್ಪಾಣಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ, ತಂಬಾಕಿನ ವಖಾರಿಗಳಲ್ಲಿ ದೂಳು ಕುಡಿಯುವ ಹೆಂಗಸರು. ಅಥಣಿಯಲ್ಲಿ ನೆಲಕ್ಕೆ ಕೂತು ಕೊಲ್ಹಾಪುರಿ ಚಪ್ಪಲಿ ಹೊಲಿಯುವವರು. ಉಗಾರ, ರಾಯಬಾಗದ ಸುತ್ತ ಕಬ್ಬಿನ ಹೊರೆ ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವವರು. "ಗೋಣ ಹಿಡದೈತಿ, ಕೈ ಜೋಮ ಬರತೈತಿ" ಎಂಬ ದೂರು ದವಾಖಾನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಮನೆಯಲ್ಲಿ ಎಷ್ಟೋ ತಿಂಗಳು ಹಳೆಯದಾಗಿರುತ್ತದೆ.

ನೋವೇನೂ ಹೊಸದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನ ಹೆಗಲು ಬಿಗಿಯುವ ಅವಬಾಹುಕವನ್ನೂ ತೋಳಿನಿಂದ ಬೆರಳವರೆಗೆ ಇಳಿಯುವ ವಿಶ್ವಾಚಿಯನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ. ಬೆಳಗಾವಿಯಲ್ಲಿ 1933ರಿಂದ ಕೆಎಲ್ಇ ಸಂಸ್ಥೆಯ ಆಯುರ್ವೇದ ಕಾಲೇಜಿದೆ. ಹಳ್ಳಿಗಳಲ್ಲಿ ಮಾತ್ರ ಎಣ್ಣೆ ತಿಕ್ಕುವುದು, ಬಿಸಿನೀರಿನ ಶಾಖ, ಗೋಣು ತಿರುವಿ ಲಟಕ್ಕೆನಿಸುವುದು, ಇವೇ ಮೊದಲ ಮದ್ದು. ಎಣ್ಣೆ, ಶಾಖಗಳ ಬಗ್ಗೆ ನನ್ನ ತಕರಾರಿಲ್ಲ. ಕೈ ಜೋಮು ಹಿಡಿದವರ ಗೋಣು ತಿರುವುವುದು ಮಾತ್ರ ಅಪಾಯ.

ಆಧುನಿಕ ವೈದ್ಯ ಇಲ್ಲಿಯವರಿಗೆ ಸಿಕ್ಕದ್ದು ಈಗ ಮಹಾರಾಷ್ಟ್ರದಲ್ಲಿರುವ ಮಿರಜದಲ್ಲಿ. 1889ರಲ್ಲಿ ಭಾರತಕ್ಕೆ ಬಂದ ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ರಾಯಬಾಗ, ಚಿಂಚಲಿ, ಕುಡಚಿ, ಉಗಾರಗಳನ್ನು ಪೋಣಿಸಿಕೊಂಡು ಹೋಗುವ ರೈಲು ರೋಗಿಗಳನ್ನು ಅದರ ಬಾಗಿಲಿಗೇ ಒಯ್ಯುತ್ತಿತ್ತು. 1956ರ ರಾಜ್ಯ ಪುನರ್ವಿಂಗಡಣೆ ರೋಗಿಯನ್ನು ಮೈಸೂರು ರಾಜ್ಯಕ್ಕೆ, ಡಾಕ್ಟರನ್ನು ಮುಂಬಯಿ ರಾಜ್ಯಕ್ಕೆ ಹಂಚಿತು. 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಬಂತು. ಆದರೂ ಕಾಗವಾಡದಿಂದ ಬೆಳಗಾವಿ ನೂರು ಕಿಲೋಮೀಟರಿಗೂ ದೂರ, ಮಿರಜ ಮಗ್ಗುಲಲ್ಲೇ. ನೋವಿದ್ದವರು ನಕಾಶೆ ನೋಡಿ ಹೊರಡುವುದಿಲ್ಲ.

ಈ ಹೊತ್ತಿಗೆ ಹೊರಗಿನ ಜಗತ್ತಿನಲ್ಲಿ ನೋವಿನ ವಿವರಣೆಯೇ ಬದಲಾಗಿತ್ತು. ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ನರ ಒತ್ತಬಲ್ಲದೆಂದು 1934ರಲ್ಲಿ ಅಮೆರಿಕದ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ಬರೆದರು. ಕತ್ತನ್ನು ನೋವಿನ ಕಡೆಗೆ ವಾಲಿಸಿ ತಲೆ ಒತ್ತಿದಾಗ ಕೈಗೆ ಚಳಕು ಹೊಡೆದರೆ ತೊಂದರೆ ಕತ್ತಿನ ನರದ್ದು ಎಂಬ ಸ್ಪರ್ಲಿಂಗ್ ಪರೀಕ್ಷೆ 1944ರದು. ಅದಕ್ಕೆ ಯಂತ್ರವೂ ಬೇಡ, ಬಿಲ್ಲೂ ಇಲ್ಲ. 1950ರ ದಶಕದಲ್ಲಿ ಕತ್ತಿನ ಮುಂಭಾಗದಿಂದ ಡಿಸ್ಕ್ ತೆಗೆಯುವ ಶಸ್ತ್ರಚಿಕಿತ್ಸೆ ರೂಪುಗೊಂಡಿತು. ಕೊನೆಗೆ ಬಂದದ್ದು ಎಂಆರ್‌ಐ. ಅದರೊಂದಿಗೆ ಚಿತ್ರವನ್ನೇ ರೋಗವೆಂದು ನಂಬುವ ಕಾಲವೂ ಬಂತು. 1990ರಲ್ಲಿ ಬೋಡೆನ್ ತಂಡ ಕತ್ತುನೋವೇ ಇಲ್ಲದ 63 ಜನರ ಎಂಆರ್‌ಐ ತೆಗೆಸಿದಾಗ 19 ಪ್ರತಿಶತ ಮಂದಿಯಲ್ಲಿ ದೋಷ ಕಂಡಿತ್ತು. 1994ರಲ್ಲಿ ಪ್ರಕಟವಾದ ಅಮೆರಿಕದ ರೋಚೆಸ್ಟರ್ ಊರಿನ ಅಧ್ಯಯನದಲ್ಲಿ, ಕತ್ತಿನ ನರ ಒತ್ತಿಹೋಗಿದ್ದ 561 ರೋಗಿಗಳ ಪೈಕಿ ಸುಮಾರು ಕಾಲುಭಾಗಕ್ಕೆ ಮಾತ್ರ ಶಸ್ತ್ರಚಿಕಿತ್ಸೆಯಾಗಿತ್ತು. ಕೊನೆಯ ತಪಾಸಣೆಯ ವೇಳೆಗೆ 90 ಪ್ರತಿಶತ ಮಂದಿಗೆ ನೋವಿರಲಿಲ್ಲ, ಇಲ್ಲವೇ ಅಲ್ಪವಿತ್ತು. "ಸ್ಪಾಂಡಿಲೈಟಿಸ್ ಆಗೇದ" ಎಂದು ಫಿಲ್ಮು ಹಿಡಿದು ಊರೂರು ತಿರುಗುವವರಿಗೆ ಈ ಎರಡು ಅಧ್ಯಯನಗಳ ಅಂಕಿಗಳನ್ನು ಯಾರಾದರೂ ಹೇಳಬೇಕು. ಆದರೆ ಗುಂಡಿ ಹಾಕಲು, ಅನ್ನ ಕಲಸಲು ಬೆರಳು ತೊಡರಿದರೆ, ನಡಿಗೆ ತಪ್ಪಿದರೆ, ಮೂತ್ರದ ಹಿಡಿತ ಹೋದರೆ, ಜ್ವರದ ಜೊತೆ ತೂಕ ಇಳಿದರೆ ಕಾಯುವಂತಿಲ್ಲ. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇನ್ನೂ ಇದೆ. ಎದೆ ಬಿಗಿದು ಎಡಗೈ ನೋಯುವುದಂತೂ ಹೃದಯದ್ದಿರಬಹುದು.

ಇಷ್ಟು ದೂರ ಬಂದ ವೈದ್ಯಶಾಸ್ತ್ರ ಒಂದು ಪ್ರಶ್ನೆಯನ್ನು ಹಿಂದೆಯೇ ಬಿಟ್ಟಿತು. ರೋಗಿಯನ್ನು ಕಂಡೊಡನೆ ನಿನ್ನ ಕಸುಬೇನು ಎಂದು ಕೇಳಬೇಕೆಂದು ಇಟಲಿಯ ವೈದ್ಯ ರಾಮಝೀನಿ 1700ರಲ್ಲೇ ಕಸುಬುಗಳ ರೋಗಗಳ ಕುರಿತ ತನ್ನ ಗ್ರಂಥದಲ್ಲಿ ಹೇಳಿದ್ದ. ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರು ಸಂಘ ಕಟ್ಟಿ ದುಡಿಮೆಯ ಪರಿಸ್ಥಿತಿಯ ಬಗ್ಗೆ ತಾವೇ ದನಿಯೆತ್ತಿದರು. ಯುಗಾಂತರ್ ಎಂಬ ಸಿನಿಮಾ ತಂಡ 1982ರಲ್ಲಿ ಅವರ ಕುರಿತು ಚಿತ್ರವನ್ನೇ ಮಾಡಿತು. ಕಾನೂನಿಗೆ ಮಾತ್ರ ಈ ನೋವು ಕಂಡಿಲ್ಲ. 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಯಲ್ಲಿ ಸೀಸದ ವಿಷವಿತ್ತು, ಸಿಲಿಕೋಸಿಸ್ ಇತ್ತು, ಗೋಣುನೋವಿರಲಿಲ್ಲ.

ದುಡ್ಡಿನ ದಾರಿಯೂ ಹಾಗೆಯೇ. 2003ರಲ್ಲಿ ಸಹಕಾರಿ ರೈತರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಬಂತು, 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2023ರಲ್ಲಿ ಮಹಾರಾಷ್ಟ್ರವು ಕರ್ನಾಟಕದ ಗಡಿಯ 865 ಹಳ್ಳಿಗಳಿಗೆ ತನ್ನ ಆರೋಗ್ಯ ವಿಮೆಯನ್ನು ಚಾಚಿದಾಗ ಎರಡೂ ರಾಜ್ಯಗಳ ನಡುವೆ ಜಗಳವೇ ಆಯಿತು. ಆದರೆ ಇಂಥ ಯೋಜನೆಗಳ ಹಣ ಬಹುಮಟ್ಟಿಗೆ ಹಾಸಿಗೆ ಹಿಡಿದವರಿಗೆ, ಆಪರೇಷನ್ನಿಗೆ. ಬಹುಪಾಲು ಕತ್ತುನೋವಿಗೆ ಬೇಕಾದದ್ದು ಕೆಲವು ವಾರಗಳ ವ್ಯಾಯಾಮ, ಫಿಜಿಯೋಥೆರಪಿ, ಕೂರುವ ಎತ್ತರದಲ್ಲಿ ಬದಲಾವಣೆ, ನಡುನಡುವೆ ವಿರಾಮ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಎಣಿಸಿಕೊಳ್ಳುವವಳಿಗೆ ಆ ವಾರಗಳ ಕೂಲಿ ಕಟ್ಟಿಕೊಡುವ ಕಾರ್ಡು ಗಡಿಯ ಈಚೆಗೂ ಇಲ್ಲ, ಆಚೆಗೂ ಇಲ್ಲ.