ರಕ್ಷಕನ ರಕ್ಷಣೆ: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ತುರ್ತು ಶುಶ್ರೂಷೆಯನ್ನು ಕುರಿತು

ತುರುಗಳನ್ನು ಬಿಡಿಸಲು ಹೋಗಿ, ಊರಿನ ಅಳಿವನ್ನು ತಡೆಯಲು ಹೋಗಿ ಪ್ರಾಣತೆತ್ತವನನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿ ಪೂಜಿಸಿದ ನಾಡು ನಮ್ಮದು. ವೀರಗಲ್ಲಿನ ಈ ಪರಂಪರೆಯಲ್ಲಿ ಬೆಳೆದವರಿಗೆ, ಇಂದು ತುರ್ತು ವೈದ್ಯಕೀಯ ತಂತ್ರಜ್ಞರಿಗೆ ಕಲಿಸುವ ಮೊದಲನೆಯ ಪಾಠವು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಅಪಘಾತದ ಸ್ಥಳವನ್ನು ತಲುಪಿದೊಡನೆ ಗಾಯಾಳುವಿನ ಬಳಿಗೆ ಓಡತಕ್ಕದ್ದಲ್ಲ; ಆ ಸ್ಥಳವು ತನಗೂ ತನ್ನ ಜೊತೆಗಾರನಿಗೂ ಸುರಕ್ಷಿತವೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು ಎಂಬುದೇ ಆ ಪಾಠ. ಇದು ಸ್ವಾರ್ಥವೇ, ವಿವೇಕವೇ? ಯಾದಗಿರಿ, ಶಹಾಪುರ, ಸುರಪುರಗಳ ಇತಿಹಾಸವನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1858ರ ಫೆಬ್ರವರಿ ತಿಂಗಳಲ್ಲಿ ಸುರಪುರದ ಬೆಟ್ಟಗಳ ನಡುವೆ ರಾಜಾ ವೆಂಕಟಪ್ಪನಾಯಕನ ಕಡೆಯವರಿಗೂ ಬ್ರಿಟಿಷ್ ಪಡೆಗಳಿಗೂ ಕದನ ನಡೆಯಿತು. ಆ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದುದೂ, ಲೆಫ್ಟಿನೆಂಟ್ ಸ್ಟೂವರ್ಟ್ ಮಾರಣಾಂತಿಕವಾಗಿ ಗಾಯಗೊಂಡುದೂ ದಾಖಲಾಗಿವೆ. ಆ ಕಾಲದ ಭಾರತೀಯ ಸೈನ್ಯಗಳಲ್ಲಿ ಗಾಯಾಳುಗಳನ್ನು ಕದನಭೂಮಿಯಿಂದ ಹೊತ್ತು ತರುತ್ತಿದ್ದವರು ಡೋಲಿಯ ಬೋಯಿಗಳು. ಅವರ ಕೈಯಲ್ಲಿ ಆಯುಧವಿಲ್ಲ. ಹೆಗಲ ಮೇಲಿನ ಭಾರದಿಂದಾಗಿ ಓಡುವ ಅವಕಾಶವೂ ಇಲ್ಲ. ಗುಂಡು ಹಾರುವಲ್ಲಿಯೇ ಹೋಗಿ ಬರಬೇಕಾದ ಆ ಜನರನ್ನು ರಕ್ಷಿಸುವ ನಿಯಮವು ಆಗ ಜಗತ್ತಿನ ಯಾವ ಕಾನೂನಿನಲ್ಲಿಯೂ ನೆಲೆಗೊಂಡಿರಲಿಲ್ಲ. ಅಧಿಕಾರಿಗಳ ಹೆಸರುಗಳು ಇತಿಹಾಸದಲ್ಲಿ ಉಳಿದವು. ಹೊತ್ತವರು ಹೆಸರಿಲ್ಲದೆ ಹೋದರು.

ಇದಾದ ಮರುವರ್ಷ, 1859ರ ಜೂನ್ 24ರಂದು, ಇಟಲಿಯ ಸಾಲ್ಫೆರಿನೊದಲ್ಲಿ ಮಹಾಯುದ್ಧವೊಂದು ನಡೆಯಿತು. ಅಲ್ಲಿ ಗಾಯಾಳುಗಳು ಆರೈಕೆಯಿಲ್ಲದೆ ನರಳಿದ್ದನ್ನು ಕಂಡ ಸ್ವಿಸ್ ವರ್ತಕ ಹೆನ್ರಿ ಡುನಾಂಟನು 1862ರಲ್ಲಿ ತನ್ನ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಅದರ ಫಲವಾಗಿ 1864ರ ಆಗಸ್ಟ್ 22ರಂದು ಜಿನೀವಾ ಒಪ್ಪಂದವಾಯಿತು. ಬಿಳಿಯ ನೆಲದ ಮೇಲಿನ ಕೆಂಪು ಶಿಲುಬೆಯ ಗುರುತುಳ್ಳ ಶುಶ್ರೂಷಕರನ್ನೂ ಗಾಯಾಳುಗಳ ವಾಹನಗಳನ್ನೂ ಯಾವ ಪಕ್ಷವೂ ಹೊಡೆಯಕೂಡದೆಂದು ಅದು ವಿಧಿಸಿತು. ರಕ್ಷಕನಿಗೆ ರಕ್ಷಣೆಯಿಲ್ಲದಿದ್ದರೆ ರೋಗಿಗೆ ಆರೈಕೆಯೂ ಇಲ್ಲವೆಂಬ ತತ್ತ್ವವು ರಾಷ್ಟ್ರಗಳ ನಡುವಿನ ಒಡಂಬಡಿಕೆಯಲ್ಲಿ ಸ್ಥಾನ ಪಡೆದದ್ದು ಹೀಗೆ. 1877ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಯು ಪ್ರಥಮ ಚಿಕಿತ್ಸೆಯ ವಿದ್ಯೆಯನ್ನು ಸೈನ್ಯದ ಹೊರಗಿನ ಸಾಮಾನ್ಯ ಜನರಿಗೂ ಕಲಿಸತೊಡಗಿತು. ಭಾರತದಲ್ಲಿ ರೆಡ್ ಕ್ರಾಸ್ ಸಂಸ್ಥೆಯು 1920ರ ಶಾಸನದ ಮೂಲಕ ರೂಪುಗೊಂಡಿತು.

ಆದರೆ ವಿದ್ಯೆ ಹರಡುವುದಕ್ಕೆ ದಾರಿಯೂ ಬೇಕು. 1860ರಲ್ಲಿ ಸುರಪುರವು ನಿಜಾಮರ ರಾಜ್ಯಕ್ಕೆ ಸೇರಿತು. 1871ರ ವೇಳೆಗೆ ಮುಂಬಯಿಯಿಂದ ರಾಯಚೂರಿನವರೆಗೆ ರೈಲುಮಾರ್ಗವು ಪೂರ್ಣವಾಗಿ, ಯಾದಗಿರಿಯು ಆ ಮಾರ್ಗದ ಮೇಲೆ ನಿಂತಿತು. ಶಹಾಪುರ, ಸುರಪುರಗಳಾದರೋ ಭೀಮೆಯ ಆಚೆಗೆ ಉಳಿದವು. ಆ ತಾಲ್ಲೂಕುಗಳ ರೋಗಿಯು ರೈಲನ್ನು ಹಿಡಿಯಬೇಕಾದರೆ ಎತ್ತಿನ ಗಾಡಿಯಲ್ಲಿ ಬಂದು ಹೊಳೆಯನ್ನು ದಾಟಿಯೇ ಯಾದಗಿರಿಯನ್ನು ಸೇರಬೇಕಾಗಿತ್ತು. ದಕ್ಷಿಣಕ್ಕೆ ಕೃಷ್ಣೆ, ನಡುವೆ ಭೀಮೆ: ಈ ಎರಡು ನದಿಗಳು ಸೀಮೆಗೆ ಅನ್ನವನ್ನು ಕೊಟ್ಟಂತೆಯೇ ಮಳೆಗಾಲದಲ್ಲಿ ರೋಗಿಗೂ ವೈದ್ಯನಿಗೂ ನಡುವೆ ಅಡ್ಡಗಟ್ಟಿಯೂ ನಿಂತಿವೆ.

ಇಪ್ಪತ್ತನೆಯ ಶತಮಾನದಲ್ಲಿ ಕದನಭೂಮಿಯ ಸ್ಥಾನವನ್ನು ರಸ್ತೆಯು ಆಕ್ರಮಿಸಿತು. 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಪ್ರಕಟಿಸಿದ ವರದಿಯು, ಆ ಸಂಪನ್ನ ದೇಶದಲ್ಲಿಯೂ ಆಂಬ್ಯುಲೆನ್ಸ್ ಸೇವೆಯ ಸುಮಾರು ಅರ್ಧಭಾಗವನ್ನು ಶವಸಂಸ್ಕಾರದ ವೃತ್ತಿಯವರೇ ನಡೆಸುತ್ತಿದ್ದರೆಂಬುದನ್ನು ಬಯಲುಮಾಡಿತು. ಶವವನ್ನು ಸಾಗಿಸುವ ವಾಹನವೇ ಜೀವಂತನನ್ನೂ ಸಾಗಿಸುತ್ತಿತ್ತು. ಒಳಗೆ ಆರೈಕೆ ಮಾಡಬಲ್ಲವರು ಇರುತ್ತಿರಲಿಲ್ಲ. ಆ ವರದಿಯ ತರುವಾಯವೇ ತುರ್ತು ವೈದ್ಯಕೀಯ ತಂತ್ರಜ್ಞನೆಂಬ ವೃತ್ತಿಯೂ ಅದಕ್ಕೆ ತಕ್ಕ ಪಾಠಕ್ರಮವೂ ಅಲ್ಲಿ ಬೆಳೆದವು. ನಮ್ಮಲ್ಲಿ 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಸಂಖ್ಯೆಯ ತುರ್ತು ಸೇವೆ ಆರಂಭವಾಯಿತು. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಅದು ‘ಆರೋಗ್ಯ ಕವಚ’ ಎಂಬ ಹೆಸರಿನಿಂದ ಕರ್ನಾಟಕಕ್ಕೆ ಬಂದಿತು. ವಾಹನವನ್ನು ನಡೆಸುವವನೊಬ್ಬ, ದಾರಿಯುದ್ದಕ್ಕೂ ರೋಗಿಯನ್ನು ನೋಡಿಕೊಳ್ಳುವ ತಂತ್ರಜ್ಞನೊಬ್ಬ ಎಂಬ ಜೋಡಿಯೇ ಈ ವ್ಯವಸ್ಥೆಯ ತಿರುಳು. ಇದರ ಬೆನ್ನಿಗೇ ಯಾದಗಿರಿಯು ಕಲಬುರಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು.

ಈ ತಂತ್ರಜ್ಞನಿಗೆ ಕಲಿಸುವ ಕ್ರಮವನ್ನು ನಮ್ಮ ಸೀಮೆಯ ಸಂದರ್ಭಗಳಿಗೆ ಅನ್ವಯಿಸಿ ನೋಡಿದರೆ ಮೊದಲ ಪಾಠದ ಅರ್ಥ ಸ್ಪಷ್ಟವಾಗುತ್ತದೆ. ನಾರಾಯಣಪುರ ಜಲಾಶಯದ ಕಾಲುವೆಗಳು ಬಂದ ಮೇಲೆ ಶಹಾಪುರ, ಸುರಪುರಗಳ ಬಯಲಿನಲ್ಲಿ ಭತ್ತದ ಗದ್ದೆಗಳು ಹರಡಿವೆ. ಪಂಪ್‌ಸೆಟ್ಟಿನ ಬಳಿ ವಿದ್ಯುತ್ ತಗಲಿ ಬಿದ್ದವನನ್ನು ಬರಿಗೈಯಿಂದ ಹಿಡಿದವನೂ ಅವನ ಪಕ್ಕದಲ್ಲಿಯೇ ಬೀಳುತ್ತಾನೆ. ಮೊದಲು ವಿದ್ಯುತ್ ಸಂಪರ್ಕ ಕಡಿಯಬೇಕು. ಹಾಳುಬಾವಿಗೆ ಇಳಿದು ವಿಷಗಾಳಿಯಿಂದ ಮೂರ್ಛೆ ಹೋದವನನ್ನು ಎತ್ತಲು ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ನೆರೆಯವನು ಇಳಿದರೆ, ಒಂದು ಸಾವಿನ ಮನೆಯಲ್ಲಿ ಮೂರು ಸಾವುಗಳಾಗುತ್ತವೆ. ಕೀಟನಾಶಕ ಸೇವಿಸಿದವನ ಬಟ್ಟೆಯಲ್ಲಿಯೂ ವಾಂತಿಯಲ್ಲಿಯೂ ವಿಷವಿರುವುದರಿಂದ ಕೈಗವಸು ತೊಡದೆ ಮುಟ್ಟಬಾರದು. ಹಾವು ಕಚ್ಚಿದಲ್ಲಿ ಹಾವನ್ನು ಹುಡುಕಿ ಹೊಡೆಯಲು ಹೋಗುವುದು ಇನ್ನೊಬ್ಬನನ್ನು ಕಚ್ಚಿಸಿಕೊಳ್ಳುವ ದಾರಿ. ಕಚ್ಚಿದ ಅವಯವವನ್ನು ಅಲುಗಾಡದಂತೆ ಇರಿಸಿ, ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಬೇಗನೆ ಆಸ್ಪತ್ರೆಗೆ ಸಾಗಿಸುವುದೇ ಸರಿಯಾದ ಕ್ರಮ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಸ್ಥಳವು ಸುರಕ್ಷಿತವೆಂದು ತಿಳಿದ ಮೇಲೆ ರೋಗಿಯ ಪರೀಕ್ಷೆ ಮೊದಲಾಗುತ್ತದೆ. ಗಾಯಾಳುಗಳು ಎಷ್ಟು ಮಂದಿ, ಪೆಟ್ಟು ಹೇಗೆ ಬಿದ್ದಿತು, ಇನ್ನೂ ನೆರವು ಬೇಕೇ ಎಂದು ನೋಡಿ, ಹರಿಯುವ ರಕ್ತವನ್ನು ಒತ್ತಿ ಹಿಡಿದು, ಉಸಿರಿನ ದಾರಿ, ಉಸಿರಾಟ, ರಕ್ತಸಂಚಾರಗಳನ್ನು ಕ್ರಮವಾಗಿ ಗಮನಿಸಬೇಕು. ಬೆನ್ನುಹುರಿಗೆ ಪೆಟ್ಟಾದ ಸಂದೇಹವಿದ್ದರೆ ಕುತ್ತಿಗೆಯನ್ನು ತಿರುಗಿಸದೆ ಹಲಗೆಯ ಮೇಲೆ ಎತ್ತಬೇಕು. ನಾಲ್ಕಾರು ಜನ ಕೈಕಾಲು ಹಿಡಿದು ಗಾಡಿಗೆ ಹಾಕುವ ನಮ್ಮ ವಾಡಿಕೆಯು ಸದುದ್ದೇಶದಿಂದಲೇ ಅಂಗವೈಕಲ್ಯವನ್ನು ತರಬಲ್ಲದು.

ಹೀಗೆಂದ ಮಾತ್ರಕ್ಕೆ ವಾಹನವೂ ತರಬೇತಿಯೂ ಎಲ್ಲವನ್ನೂ ಸಾಧಿಸಿದುವೆಂದು ತಿಳಿಯಲಾಗದು. 2014ರ ಮಳೆಗಾಲದಲ್ಲಿ ಅಂದಿನ ಸುರಪುರ ತಾಲ್ಲೂಕಿಗೆ ಸೇರಿದ, ಕೃಷ್ಣೆಯ ನಡುಗಡ್ಡೆಯ ಹಳ್ಳಿಯೊಂದರ ತುಂಬು ಗರ್ಭಿಣಿಯೊಬ್ಬಳು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ನೆರವಿನಿಂದ ತುಂಬಿದ ಹೊಳೆಯನ್ನು ಈಜಿ ದಾಟಿದಳು. 108 ಸೇವೆ ರಾಜ್ಯಕ್ಕೆ ಬಂದು ಆಗಲೇ ಆರು ವರ್ಷಗಳು ಸಮೀಪಿಸಿದ್ದವು. ಅವಳ ಧೈರ್ಯವನ್ನು ಪತ್ರಿಕೆಗಳು ಕೊಂಡಾಡಿದುವು, ಕೊಂಡಾಡತಕ್ಕದ್ದೇ. ಆದರೆ ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಇನ್ನೊಂದು ಮಾತನ್ನು ಕಾಣಬೇಕು. ರೋಗಿಯೇ ವೀರಳಾಗಬೇಕಾದ ಸ್ಥಿತಿಯು ವ್ಯವಸ್ಥೆಯ ಸೋಲನ್ನು ಸೂಚಿಸುತ್ತದೆ.

ರಕ್ಷಕನಿಗೆ ಇನ್ನೊಂದು ಭಯವೂ ಇತ್ತು: ಠಾಣೆ, ಕೋರ್ಟುಗಳ ಭಯ. ರಸ್ತೆಯಲ್ಲಿ ಬಿದ್ದವನನ್ನು ಮುಟ್ಟಿದರೆ ಸಾಕ್ಷಿಯಾಗಿ ಅಲೆಯಬೇಕಾದೀತೆಂದು ದಾರಿಹೋಕರು ಹಿಂಜರಿಯುತ್ತಿದ್ದರು. ಗಾಯಾಳುವಿಗೆ ಚಿಕಿತ್ಸೆ ಮೊದಲು, ಕಾನೂನಿನ ವಿಧಿಗಳು ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪಿತ್ತಿತು. ನೆರವಾದವರನ್ನು ಪೀಡಿಸಕೂಡದೆಂಬ ಮಾರ್ಗಸೂಚಿಗಳಿಗೆ 2016ರಲ್ಲಿ ಬಲವಿತ್ತಿತು. ಕರ್ನಾಟಕವು ಅದೇ ವರ್ಷ ರೂಪಿಸಿದ ಶಾಸನಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯು ಇದೇ ರಕ್ಷಣೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. 1864ರಲ್ಲಿ ಯುದ್ಧಭೂಮಿಯ ಶುಶ್ರೂಷಕನಿಗೆ ದೊರೆತ ಅಭಯವು ಹೀಗೆ ಒಂದೂವರೆ ಶತಮಾನದ ತರುವಾಯ ಯಾದಗಿರಿಯ ರಸ್ತೆಯ ದಾರಿಹೋಕನಿಗೂ ದೊರೆತಂತಾಯಿತು.

ಮೇಲಿನ ಸಂಗತಿಗಳಿಂದ ತಿಳಿದುಬರುವುದೇನೆಂದರೆ, ಸ್ಥಳದ ಸುರಕ್ಷೆಯ ಪಾಠವು ಹೇಡಿತನದ ಪಾಠವಲ್ಲ. ಹೆಸರಿಲ್ಲದೆ ಮಡಿದ ಅನೇಕ ರಕ್ಷಕರ ಅನುಭವವೇ ಅದರಲ್ಲಿ ನಿಯಮದ ರೂಪವನ್ನು ತಾಳಿದೆ. ವೀರಗಲ್ಲನ್ನು ನಾವು ಗೌರವಿಸೋಣ. ಆದರೆ ಇಂದಿನ ರಕ್ಷಕನು ಕಲ್ಲಾಗುವುದಕ್ಕಿಂತ ಮರಳಿ ಬಂದು ನಾಳೆ ಇನ್ನೊಬ್ಬನ ಬಳಿಗೆ ಹೋಗುವುದು ಹೆಚ್ಚು ಅಗತ್ಯ. ವಾಹನ ಬರುವ ಮೊದಲು ಗಾಯಾಳುವಿನ ಬಳಿ ಇರುವವರು ಹೊಲದ ಜೊತೆಗಾರರು, ಬಸ್ಸಿನ ನಿರ್ವಾಹಕರು, ಶಾಲೆಯ ಉಪಾಧ್ಯಾಯರು. ಆದುದರಿಂದ ಈ ವಿದ್ಯೆಯು ತಂತ್ರಜ್ಞರಲ್ಲಿಯೇ ನಿಲ್ಲದೆ ಈ ಮೂರು ತಾಲ್ಲೂಕುಗಳ ಶಾಲೆ ಕಾಲೇಜುಗಳಿಗೂ ಇಳಿದು ಬರಬೇಕು. ಅದರೊಡನೆ ಡೋಲಿ ಹೊತ್ತವರ, ಗಾಡಿ ಹೊಡೆದವರ, ಹರಿಗೋಲು ನಡೆಸಿದವರ ನೆನಪುಗಳನ್ನು ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಂಡರೆ, ಸುರಪುರದ ಇತಿಹಾಸದಲ್ಲಿ ಇದುವರೆಗೆ ಹೆಸರಿಲ್ಲದೆ ಉಳಿದವರಿಗೂ ಒಂದು ಅಧ್ಯಾಯ ದೊರೆತೀತು.