ಕೋಲಾರಕ್ಕೆ ಬಂದ ಪೆಟ್ಟಿಗೆ

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಶಿಬಿರದಲ್ಲಿ ನವಾಬ್ ಹೈದರ್ ಅಲಿ ಇಹಲೋಕ ತ್ಯಜಿಸಿದರು. ಎರಡನೆಯ ಮೈಸೂರು ಯುದ್ಧ ಇನ್ನೂ ಮುಗಿದಿರಲಿಲ್ಲ. ಹಿರಿಯ ಮಗ ಟಿಪ್ಪು ದೂರದ ಮಲಬಾರಿನ ಪೊನ್ನಾನಿಯ ಬಳಿ ಆಂಗ್ಲರೊಡನೆ ಕಾದಾಡುತ್ತಿದ್ದರು. ಮರಣವಾರ್ತೆ ಬೇಗ ಹಬ್ಬಿದರೆ ಸೇನೆಯೇ ಒಡೆಯುವ ಭಯವಿತ್ತು.

ಆ ರಾತ್ರಿ ಪೂರ್ಣಯ್ಯ, ಕೃಷ್ಣರಾವ್ ಮೊದಲಾದವರು ಮಾಡಿದ್ದನ್ನು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಪಾರ್ಥಿವ ಶರೀರವನ್ನು ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿರಿಸಿ, ಖಜಾನೆಯನ್ನು ಸಾಗಿಸುವಾಗ ಇರುವಂತಹ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ತಂದೆ ಫತೇಹ್ ಮುಹಮ್ಮದರ ಗೋರಿ ಇರುವ ಸ್ಥಳದಲ್ಲಿಯೇ ಅದನ್ನು ಇರಿಸಲಾಯಿತು. ಶ್ರೀರಂಗಪಟ್ಟಣದ ಗುಂಬಜಿಗೆ ಒಯ್ದದ್ದು ತರುವಾಯ. ಅತ್ತ ವೇಗದ ದೂತರ ಮೂಲಕ ಟಿಪ್ಪುವಿಗೆ ಸುದ್ದಿ ಹೋಯಿತು, ಸುಮಾರು ನಾಲ್ಕು ದಿನಗಳಲ್ಲಿ ತಲುಪಿತು. ಗುಟ್ಟು ಪೂರ್ತಿ ಉಳಿಯಲಿಲ್ಲವೆಂಬುದೂ ನಿಜ. ಎರಡನೆಯ ಮಗ ಅಬ್ದುಲ್ ಕರೀಮರನ್ನು ಪಟ್ಟಕ್ಕೇರಿಸಲು ಕೆಲವರು ಸಂಚು ಹೂಡಿದರು, ಸಿಕ್ಕಿಬಿದ್ದರು. ಆದರೂ ಟಿಪ್ಪು ಬರುವವರೆಗೆ ಸೇನೆ ಒಂದಾಗಿಯೇ ಉಳಿಯಿತು.

ಇದು ರಾಜಕಾರಣದ ಗುಟ್ಟು, ನಮ್ಮಂತಹ ಸಾಮಾನ್ಯರಿಗೇಕೆ ಎನ್ನಬಹುದು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಅದರ ಕ್ರಮ: ಸುದ್ದಿ ಯಾರಿಗೆ ಮೊದಲು ಸಲ್ಲಬೇಕೋ ಅವರ ಕಡೆಗೆ ಮೊದಲು ಹೊರಟಿತು. ಉಳಿದವರು ಬಾಯಿ ಕಟ್ಟಿಕೊಂಡರು.

ಬೂದಿಕೋಟೆಯಲ್ಲಿ ಜನಿಸಿದ ಹೈದರರಿಗೆ ಓದುಬರಹ ತಿಳಿದಿರಲಿಲ್ಲ. ಬಹಳ ಶ್ರಮಪಟ್ಟು ಕಲಿತದ್ದು ತಮ್ಮ ಹೆಸರಿನ ಮೊದಲ ಅಕ್ಷರವೊಂದೇ. ಅದನ್ನೂ ತಿರುಗಿಸಿ ಬರೆಯುತ್ತಿದ್ದರೆಂದು ಅದೇ ವಿಲ್ಕ್ಸ್ ಹೇಳುತ್ತಾನೆ. ಪತ್ರಗಳನ್ನು ಓದಿಸಿ ಕೇಳುವರು, ಉತ್ತರ ಹೇಳಿ ಬರೆಯಿಸುವರು, ಕೊನೆಗೆ ಆ ಒಂದಕ್ಷರದ ಗುರುತು. ಕಿವಿಯಿಂದ ಕೇಳಿ ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಬೇಕಾದವನಿಗೆ ವ್ಯರ್ಥ ಮಾತು ಎಷ್ಟು ಭಾರವೆಂಬುದನ್ನು ಬೆರಳ ತುದಿಯಲ್ಲಿ ಬರೆಯುವ ನಾವು ಊಹಿಸುವುದೂ ಕಷ್ಟ.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುವರ್ಗದ ಹಿರಿಯ ತಾಯಿಯೊಬ್ಬರು ಮುಳಬಾಗಿಲಿನಲ್ಲಿ ತೀರಿಕೊಂಡರು. ಮಗ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ; ತಾಯಿ ಅಸ್ವಸ್ಥರೆಂದಷ್ಟೇ ಅವನಿಗೆ ತಿಳಿದಿತ್ತು. ಅಣ್ಣಂದಿರು ಕರೆ ಮಾಡುವ ಮೊದಲೇ ಯಾರೋ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಜನಾಝಾದ ಸಮಯ ಹಾಕಿದರು, ಅದೂ ತಪ್ಪು ಸಮಯ. ಬೆನ್ನಿಗೇ ನಲವತ್ತು ಸಂತಾಪ ಸಂದೇಶಗಳು, ಹೂವಿನ ಚಿತ್ರಗಳು. ಅವನು ಮನೆಗೆ ಬಂದಾಗ ಯಾರೂ ಅವನಿಗೆ ಏನನ್ನೂ ಹೇಳಬೇಕಾಗಿರಲಿಲ್ಲ. ಹೇಳಬೇಕೆಂದು ಬಾಗಿಲಲ್ಲಿ ಕಾಯುತ್ತಿದ್ದ ಹಿರಿಯಣ್ಣ ಸುಮ್ಮನೆ ಪಕ್ಕಕ್ಕೆ ಸರಿದು ನಿಂತರು.